ಆಂಡ್ರಾಯ್ಡ್‌ನಲ್ಲೇ ಇರೋದಾ, ಐಫೋನ್‌ಗೆ ಹೋಗೋದಾ? ಬದಲಾಯಿಸಿ ನೋಡಿದವರು ಹೇಳಿ

ಸಂಜೆಗಾಳಿ:

ಎಲ್ಲರಿಗೂ ನಮಸ್ಕಾರ. ನನ್ನ ಆಂಡ್ರಾಯ್ಡ್ ಫೋನಿಗೆ ಸೆಕ್ಯುರಿಟಿ ಅಪ್‌ಡೇಟ್ ಬರುವುದು ನಿಂತಿದೆ. ಫೋನ್ ಚೆನ್ನಾಗಿಯೇ ಓಡುತ್ತಿದೆ, ಆದರೆ ಬ್ಯಾಟರಿ ಸಂಜೆಯವರೆಗೂ ಬರುವುದಿಲ್ಲ. ಹೇಗೂ ಹೊಸದು ತಗೋಬೇಕು.

ಮನೆಯವರ ಹತ್ತಿರವೂ ಮಗಳ ಹತ್ತಿರವೂ ಐಫೋನ್ ಇದೆ. "ನೀನೂ ಇದಕ್ಕೇ ಬಂದುಬಿಡಮ್ಮಾ, ಎಲ್ಲ ಒಂದೇ ಕಡೆ ಇರುತ್ತೆ" ಅಂತ ಮಗಳು ದಿನಾ ಹೇಳುತ್ತಾಳೆ. ನಾನು ಸ್ಮಾರ್ಟ್‌ಫೋನ್ ಹಿಡಿದಾಗಿನಿಂದ ಆಂಡ್ರಾಯ್ಡ್ ಬಿಟ್ಟು ಬೇರೆ ಬಳಸಿಲ್ಲ. ಫೋಟೊಗಳೆಲ್ಲ ಗೂಗಲ್ ಫೋಟೋಸ್‌ನಲ್ಲಿವೆ. ಕೈಯಲ್ಲಿರುವುದು ವೇರ್ ಓಎಸ್ ವಾಚು, ಅಂದರೆ ಗೂಗಲ್‌ನ ತಂತ್ರಾಂಶ ಇರುವ ಸ್ಮಾರ್ಟ್‌ವಾಚು. ಇವೆಲ್ಲಕ್ಕಿಂತ ದೊಡ್ಡ ಚಿಂತೆ ವಾಟ್ಸ್ಆ್ಯಪ್. ಅಪ್ಪ ಈಗಿಲ್ಲ. ಅವರು ಟೈಪ್ ಮಾಡುತ್ತಿರಲಿಲ್ಲ, ಏನಿದ್ದರೂ ವಾಯ್ಸ್ ಮೆಸೇಜೇ. ಅವೆಲ್ಲ ಈ ಫೋನಿನಲ್ಲೇ ಇವೆ. ಅದರಲ್ಲಿ ಒಂದೂ ಕಳೆದುಹೋಗಬಾರದು.

ಯಾವ ಕಂಪನಿ ದೊಡ್ಡದು ಅನ್ನುವ ಜಗಳ ಬೇಡ, ದಯವಿಟ್ಟು. ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಹೋದವರು ಏನು ಸುಲಭ ಆಯಿತು, ಏನು ಬಿಟ್ಟುಹೋಯಿತು ಅಂತ ಹೇಳಿದರೆ ಸಾಕು.


ತಂತಿಹಕ್ಕಿ:

ನಾನು ಆಂಡ್ರಾಯ್ಡ್‌ನಿಂದ ಐಫೋನ್‌ಗೆ ಬಂದವನು, ಬಂದು ಉಳಿದವನು. ಹೊಸ ಫೋನ್ ಕಲಿಯೋದು ಕಷ್ಟ ಅನ್ನುವ ಭಯ ಬೇಡ. ಆ್ಯಪ್‌ಗಳು ಎರಡೂ ಕಡೆ ಹೆಚ್ಚುಕಡಿಮೆ ಅವೇ. ಕೈಗೆ ಅಂಟಿದ ಅಭ್ಯಾಸ ಬಿಡೋದು ಮಾತ್ರ ನಿಧಾನ.

ಹಿಂದಕ್ಕೆ ಹೋಗುವುದನ್ನೇ ತಗೊಳ್ಳಿ. ಆಂಡ್ರಾಯ್ಡ್ 10ರಿಂದ ಈಚೆಗೆ ಪರದೆಯ ಎಡ ಅಂಚಿನಿಂದ ಎಳೆದರೂ ಸರಿ, ಬಲ ಅಂಚಿನಿಂದ ಎಳೆದರೂ ಸರಿ, ಹಿಂದಿನ ಪುಟ ಬರುತ್ತದೆ. ಐಫೋನ್‌ನಲ್ಲಿ ಬಲ ಅಂಚಿನಿಂದ ಎಳೆದರೆ ಆಗಲ್ಲ, ಸಾಮಾನ್ಯವಾಗಿ ಎಡ ಅಂಚಿನಿಂದಲೇ ಎಳೆಯಬೇಕು. ಬಲಗೈಯಲ್ಲಿ ಫೋನ್ ಹಿಡಿದು ಹೆಬ್ಬೆರಳಲ್ಲೇ ಎಲ್ಲ ಮಾಡುವವರಿಗೆ ಆ ಎಡ ಅಂಚು ದೂರ. ಕೆಲವು ಆ್ಯಪ್‌ಗಳಲ್ಲಿ ಹಾಗೆ ಎಳೆದರೂ ಕೆಲಸ ಆಗಲ್ಲ, ಮೇಲೆ ಎಡಮೂಲೆಯಲ್ಲಿರುವ ಬಾಣದ ಗುರುತನ್ನೇ ಮುಟ್ಟಬೇಕು. ದಿನಕ್ಕೆ ಎಷ್ಟು ಸಲ ಹಿಂದೆ ಹೋಗ್ತೀವಿ ಅಂತ ಆಗ ಗೊತ್ತಾಗುತ್ತೆ.

ಇನ್ನೊಂದು, ಫೈಲ್‌ಗಳು. ಆಂಡ್ರಾಯ್ಡ್ ಫೋನನ್ನು ಕೇಬಲ್ ಹಾಕಿ ಕಂಪ್ಯೂಟರ್‌ಗೆ ಜೋಡಿಸಿದರೆ ಫೋಲ್ಡರ್‌ಗಳು ಕಾಣುತ್ತವೆ, ಬೇಕಾದ್ದನ್ನು ಎಳೆದು ಹಾಕಿಕೊಳ್ಳಬಹುದು. ಐಫೋನ್‌ನಲ್ಲಿ 2017ರಿಂದ ಫೈಲ್ಸ್ ಅನ್ನೋ ಆ್ಯಪ್ ಇದೆ, ಒಳಗಿನ ಓಡಾಟಕ್ಕೆ ಸಾಕು. ಆದರೆ ಕೇಬಲ್ ಹಾಕಿದಾಗ ಫೋಟೊ, ವಿಡಿಯೊ ಕಾಣುವಷ್ಟು ಸಲೀಸಾಗಿ ಬೇರೆಯದು ಕಾಣಲ್ಲ.

ನನಗೆ ತುಂಬಾ ಹಿಡಿಸಿದ್ದು ಅಪ್‌ಡೇಟ್. ಬಿಡುಗಡೆಯಾದ ದಿನವೇ ಬೆಂಬಲ ಇರುವ ಎಲ್ಲ ಮಾಡೆಲ್‌ಗಳಿಗೂ ಬರುತ್ತೆ. ನಿಮ್ಮ ಕಷ್ಟ ಅಪ್‌ಡೇಟ್‌ನದೇ ಆಗಿದ್ದರೆ ಐಫೋನ್ ಕಡೆಗೆ ಹೋಗಲು ಅದೊಂದೇ ಸಾಕು ಅಂತೀನಿ ನಾನು.


ಹಳೇಬೇರು:

ತಂತಿಹಕ್ಕಿ ಅವರ ಕೊನೆಯ ಮಾತನ್ನು ನಾನು ಒಪ್ಪುವುದಿಲ್ಲ. ಮೊದಲಾಗಿದ್ದರೆ ಒಪ್ಪುತ್ತಿದ್ದೆ.

ಆ್ಯಪಲ್ ಹಳೆಯ ಫೋನುಗಳನ್ನು ತುಂಬಾ ಕಾಲ ಕಾಪಾಡಿಕೊಂಡು ಬಂದಿರುವುದು ನಿಜ. 2013ರಲ್ಲಿ ಬಂದ ಐಫೋನ್ 5ಎಸ್‌ಗೆ 2023ರ ಜನವರಿಯಲ್ಲೂ ಒಂದು ಸೆಕ್ಯುರಿಟಿ ಅಪ್‌ಡೇಟ್ ಬಂತು. ಆ ಹೊತ್ತಿಗೆ ಬಹಳಷ್ಟು ಆಂಡ್ರಾಯ್ಡ್ ಫೋನುಗಳಿಗೆ ಎರಡು ಮೂರು ವರ್ಷ ಸಿಕ್ಕಿದರೆ ಹೆಚ್ಚು ಅನ್ನುವಂತಿತ್ತು. ಆದರೆ 2023ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 8 ಫೋನಿಗೆ 7 ವರ್ಷದ ಅಪ್‌ಡೇಟ್ ಕೊಡುತ್ತೇನೆ ಅಂತ ಹೇಳಿತು. 2024ರ ಜನವರಿಯಲ್ಲಿ ಸ್ಯಾಮ್‌ಸಂಗ್ ಕೂಡ ಗ್ಯಾಲಕ್ಸಿ ಎಸ್24ಕ್ಕೆ ಅದನ್ನೇ ಹೇಳಿತು. ಕಡಿಮೆ ಬೆಲೆಯ ಮಾಡೆಲ್‌ಗಳಿಗೆ ಇಷ್ಟು ಸಿಗುವುದಿಲ್ಲ, ಕಂಪನಿಯಿಂದ ಕಂಪನಿಗೂ ಬೇರೆ.

ಹಾಗಾಗಿ ಸಂಜೆಗಾಳಿ ಅವರೇ, ನಿಮ್ಮ ತೊಂದರೆ ಇರುವುದು ಆಂಡ್ರಾಯ್ಡ್‌ನಲ್ಲಿ ಅಲ್ಲ, ನಿಮ್ಮ ಕೈಯಲ್ಲಿರುವ ಮಾಡೆಲ್‌ನಲ್ಲಿ. ಇವೆರಡನ್ನೂ ಬೇರೆ ಬೇರೆಯಾಗಿ ನೋಡಿ. ಮುಂದಿನ ಫೋನ್ ಯಾವುದೇ ಇರಲಿ, ಅದಕ್ಕೆ ಅಪ್‌ಡೇಟ್ ಎಲ್ಲಿಯವರೆಗೆ ಅಂತ ಕಂಪನಿಯ ಪುಟದಲ್ಲೇ ನೋಡಿಕೊಳ್ಳಿ. ಆ ವರ್ಷಗಳನ್ನು ಎಣಿಸುವುದು ಆ ಮಾಡೆಲ್ ಬಿಡುಗಡೆಯಾದ ದಿನದಿಂದ, ನೀವು ಕೊಂಡ ದಿನದಿಂದ ಅಲ್ಲ. ಹೋದ ವರ್ಷದ ಮಾಡೆಲ್ ಅಗ್ಗಕ್ಕೆ ಸಿಕ್ಕಿತು ಅಂತ ತಗೊಂಡರೆ ಒಂದು ವರ್ಷ ಆಗಲೇ ಕಳೆದಿರುತ್ತೆ.

ಇನ್ನು ಬ್ಯಾಟರಿ. ಅಪ್‌ಡೇಟ್ ಇನ್ನೂ ಇದ್ದಿದ್ದರೆ ಬ್ಯಾಟರಿ ಹೊಸದು ಹಾಕಿಸಿ ಇದೇ ಫೋನ್ ಇಟ್ಟುಕೊಳ್ಳಿ ಅಂತಿದ್ದೆ. ಈಗ ಹಾಗೆ ಹೇಳಲ್ಲ. ಬ್ಯಾಂಕಿನ ಆ್ಯಪ್ ಇರುವ ಫೋನಿಗೆ ಸೆಕ್ಯುರಿಟಿ ಅಪ್‌ಡೇಟ್ ಇಲ್ಲದೆ ಇರುವುದು ಒಳ್ಳೆಯದಲ್ಲ.


ಕಡಲಂಚು:

ನಾನು ಐಫೋನ್‌ನಿಂದ ಆಂಡ್ರಾಯ್ಡ್‌ಗೆ ಬಂದವಳು. ಎದುರು ದಾರಿಯಲ್ಲಿ ಬರುವವರಿಗೂ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಐಫೋನ್ ಬಿಡುವ ಮೊದಲು ಸೆಟ್ಟಿಂಗ್ಸ್‌ನಲ್ಲಿ ಐಮೆಸೇಜ್ (ಐಫೋನ್‌ಗಳ ನಡುವೆ ಇಂಟರ್ನೆಟ್ ಮೂಲಕ ಹೋಗುವ ಆ್ಯಪಲ್‌ನ ಮೆಸೇಜ್) ಆಫ್ ಮಾಡಬೇಕು. ಇಲ್ಲದಿದ್ದರೆ ಬೇರೆ ಐಫೋನ್‌ನವರು ನಿಮಗೆ ಕಳಿಸಿದ ಮೆಸೇಜ್ ಐಮೆಸೇಜ್ ಆಗಿಯೇ ಹೋಗುತ್ತಿರುತ್ತೆ, ನಿಮ್ಮ ಹೊಸ ಫೋನಿಗೆ ಬರಲ್ಲ. ಕಳಿಸಿದವರಿಗೂ ಗೊತ್ತಾಗಲ್ಲ. ಫೋನ್ ಆಗಲೇ ಕೈಬಿಟ್ಟಿದ್ದರೆ ಆ್ಯಪಲ್‌ನ ವೆಬ್‌ಸೈಟಿನಲ್ಲೇ ನಂಬರ್ ಹಾಕಿ, ಬರುವ ಕೋಡ್ ಕೊಟ್ಟು ಬಿಡಿಸಿಕೊಳ್ಳಬಹುದು. 2014ರಿಂದ ಈ ವ್ಯವಸ್ಥೆ ಇದೆ.

ಎರಡನೆಯದು ಪಾಸ್‌ವರ್ಡ್. ಆ್ಯಪಲ್‌ನ ಪಾಸ್‌ವರ್ಡ್ಸ್ ಆ್ಯಪ್ ಆಂಡ್ರಾಯ್ಡ್‌ಗೆ ಇಲ್ಲ. ಅದರಲ್ಲೇ ಎಲ್ಲ ಇಟ್ಟಿದ್ದವರು ಹೊರಡುವ ಮುಂಚೆ ಎರಡೂ ಕಡೆ ನಡೆಯುವ ಬಿಟ್‌ವಾರ್ಡನ್, 1ಪಾಸ್‌ವರ್ಡ್ ಥರದ ಪಾಸ್‌ವರ್ಡ್ ಮ್ಯಾನೇಜರ್‌ಗೆ ಸಾಗಿಸಿಕೊಳ್ಳಬೇಕು. ಪಾಸ್‌ಕೀ (ಪಾಸ್‌ವರ್ಡ್ ಬದಲು ಬೆರಳಚ್ಚೋ ಮುಖವೋ ತೋರಿಸಿ ಒಳಗೆ ಹೋಗುವ ಡಿಜಿಟಲ್ ಕೀಲಿ) ಬಳಸುವವರು ಇನ್ನೂ ಹುಷಾರಾಗಿರಬೇಕು. ಅದನ್ನು ಪಾಸ್‌ವರ್ಡ್ ಹಾಗೆ ಓದಿ ಚೀಟಿಯಲ್ಲಿ ಬರೆದಿಟ್ಟುಕೊಳ್ಳೋಕೆ ಆಗಲ್ಲ. ಪ್ರತಿ ಖಾತೆಗೂ ಒಳಗೆ ಹೋಗುವ ಎರಡನೇ ದಾರಿ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ.

ಆ್ಯಪ್‌ಗೆ ಕೊಟ್ಟ ದುಡ್ಡು ಯಾವ ದಿಕ್ಕಿಗೂ ಜೊತೆಗೆ ಬರಲ್ಲ. ಚಂದಾ ಆದರೆ ಎಲ್ಲಿ ಕಟ್ಟಿದ್ದೀರಿ ಅನ್ನೋದು ಮುಖ್ಯ. ಆ್ಯಪ್ ಸ್ಟೋರ್ ಮೂಲಕ ಕಟ್ಟುತ್ತಿದ್ದರೆ ಅಲ್ಲಿ ನಿಲ್ಲಿಸಿ, ಆ ಸೇವೆಯ ಸ್ವಂತ ಸೈಟಿನಲ್ಲಿ ಕಟ್ಟೋದು ಒಳ್ಳೆಯದು. ಆಮೇಲೆ ಯಾವ ಫೋನ್ ತಗೊಂಡರೂ ಅದರ ತಲೆನೋವಿಲ್ಲ.


ಸಂಜೆಗಾಳಿ:

ಎಲ್ಲರಿಗೂ ಥ್ಯಾಂಕ್ಸ್. ಮಾಡೆಲ್ ಬೇರೆ, ಪ್ಲಾಟ್‌ಫಾರಂ ಬೇರೆ ಅನ್ನೋದು ನನಗೆ ಹೊಳೆದೇ ಇರಲಿಲ್ಲ. ವಾಟ್ಸ್ಆ್ಯಪ್ ಬಗ್ಗೆ ಯಾರಾದರೂ ವಿವರವಾಗಿ ಹೇಳ್ತೀರಾ? ಗೂಗಲ್ ಡ್ರೈವ್‌ಗೆ ಬ್ಯಾಕಪ್ ದಿನಾ ಆಗ್ತಿದೆ. ಐಫೋನ್‌ನಲ್ಲಿ ಅದೇ ಜಿಮೇಲ್ ಹಾಕಿದರೆ ಬರುತ್ತೆ ಅಲ್ವಾ?


ನೂಲೇಣಿ:

ಬರುವುದಿಲ್ಲ. ಇದನ್ನು ಎಲ್ಲರೂ ಓದಲಿ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ನೆಂಟರು, ಜೊತೆ ಕೆಲಸ ಮಾಡುವವರು ಫೋನ್ ಬದಲಾಯಿಸುವಾಗ ನನ್ನನ್ನೇ ಕರೆಯುತ್ತಾರೆ. ಜನ ಅತ್ತಿರುವುದನ್ನು ನಾನು ನೋಡಿರುವುದು ಈ ಒಂದು ವಿಷಯಕ್ಕೇ.

ಆಂಡ್ರಾಯ್ಡ್‌ನಲ್ಲಿ ವಾಟ್ಸ್ಆ್ಯಪ್ ಬ್ಯಾಕಪ್ ಹೋಗುವುದು ಗೂಗಲ್ ಡ್ರೈವ್‌ಗೆ. ಐಫೋನ್‌ನಲ್ಲಿ ಆ್ಯಪಲ್‌ನ ಆನ್‌ಲೈನ್ ಜಾಗವಾದ ಐಕ್ಲೌಡ್‌ಗೆ. ಒಂದರ ಬ್ಯಾಕಪ್ ಇನ್ನೊಂದರಲ್ಲಿ ತೆರೆದುಕೊಳ್ಳುವುದಿಲ್ಲ. ನೀವು ಅದೇ ಜಿಮೇಲ್ ಹಾಕಿದರೂ ಐಫೋನ್‌ನ ವಾಟ್ಸ್ಆ್ಯಪ್ ಆ ಬ್ಯಾಕಪ್ ಕಡೆ ನೋಡುವುದೇ ಇಲ್ಲ. ನಂಬರ್ ಹಾಕುತ್ತೀರಿ, ಕೋಡ್ ಬರುತ್ತೆ, ಗುಂಪುಗಳ ಹೆಸರು ಕಾಣುತ್ತವೆ, ಹಳೆಯ ಮಾತುಕತೆ ಖಾಲಿ.

ಸಾಗಿಸುವ ಸರಿಯಾದ ದಾರಿ ಒಂದಿದೆ. 2022ರಿಂದ ಆ್ಯಪಲ್‌ನ 'ಮೂವ್ ಟು ಐಓಎಸ್' ಆ್ಯಪ್ ಮೂಲಕ ವಾಟ್ಸ್ಆ್ಯಪ್ ಕೂಡ ಸಾಗಿಸಬಹುದು. ಐಫೋನ್ ಪೆಟ್ಟಿಗೆಯಿಂದ ತೆಗೆದು ಮೊದಲ ಸಲ ಸೆಟಪ್ ಮಾಡುವಾಗಲೇ ಇದನ್ನು ಮಾಡಿಕೊಳ್ಳಬೇಕು. ಸೆಟಪ್ ಮುಗಿಸಿ ನಾಲ್ಕು ದಿನ ಬಳಸಿ, ಆಮೇಲೆ ನೋಡೋಣ ಅಂದರೆ ಐಫೋನ್ ಪೂರ್ತಿ ಅಳಿಸಿ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತೆ. ಜಾಸ್ತಿ ಜನ ಸಿಕ್ಕಿಕೊಳ್ಳುವುದು ಇಲ್ಲೇ. ಹೊಸ ಫೋನ್ ಕೈಗೆ ಬಂದ ಖುಷಿಯಲ್ಲಿ ಸರಸರ ಮುಂದೆ ಒತ್ತಿಕೊಂಡು ಹೋಗಿರುತ್ತಾರೆ.

ಎರಡೂ ಫೋನನ್ನು ಚಾರ್ಜಿಗೆ ಹಾಕಿ. ಎರಡೂ ಒಂದೇ ವೈಫೈನಲ್ಲಿರಲಿ. ಐಫೋನ್ ಸೆಟಪ್ ಮಾಡುತ್ತಾ ಹೋದಾಗ ಆಂಡ್ರಾಯ್ಡ್‌ನಿಂದ ಡೇಟಾ ತರುತ್ತೀರಾ ಅಂತ ಕೇಳುತ್ತೆ, ಹೂಂ ಅಂದರೆ ಒಂದು ಕೋಡ್ ತೋರಿಸುತ್ತೆ. ಅದನ್ನು ಹಳೆಯ ಫೋನಿನ ಮೂವ್ ಟು ಐಓಎಸ್‌ನಲ್ಲಿ ಹಾಕಿ. ಏನೇನು ಬೇಕು ಅನ್ನುವ ಪಟ್ಟಿಯಲ್ಲಿ ವಾಟ್ಸ್ಆ್ಯಪ್ ಆರಿಸಿ. ಆಗ ವಾಟ್ಸ್ಆ್ಯಪ್ ತಾನೇ ತೆರೆದುಕೊಂಡು ಡೇಟಾ ಸಿದ್ಧ ಮಾಡುತ್ತೆ, ಹಳೆಯ ಫೋನಿನಲ್ಲಿ ಲಾಗೌಟ್ ಆಗುತ್ತೆ. ಗಾಬರಿ ಬೇಡ, ಅದು ಹಾಗೇ. ಸಾಗಾಟ ಮುಗಿದ ಮೇಲೆ ಐಫೋನ್‌ನಲ್ಲಿ ವಾಟ್ಸ್ಆ್ಯಪ್ ಹಾಕಿಕೊಂಡು ಅದೇ ನಂಬರ್ ಕೊಡಿ. ಬೇರೆ ನಂಬರ್ ಕೊಟ್ಟರೆ ಬರಲ್ಲ. ಚಾಟ್, ಗುಂಪು, ಫೋಟೊ, ವಾಯ್ಸ್ ಎಲ್ಲ ಬರುತ್ತೆ. ಕರೆಗಳ ಪಟ್ಟಿ ಬರುವುದಿಲ್ಲ. ಬಂದ ಮೇಲೆ ಆ ದಿನವೇ ಐಕ್ಲೌಡ್‌ಗೆ ಬ್ಯಾಕಪ್ ಹಾಕಿ. ಅಲ್ಲಿ ಪುಕ್ಕಟೆ ಸಿಗುವ ಜಾಗ 5 ಜಿಬಿ ಅಷ್ಟೇ, ನಿಮ್ಮ ವಾಟ್ಸ್ಆ್ಯಪ್ ಅದಕ್ಕಿಂತ ದೊಡ್ಡದಿದ್ದರೆ ಹಿಡಿಸಲ್ಲ.

ಐಫೋನ್‌ನಿಂದ ಆಂಡ್ರಾಯ್ಡ್‌ಗೆ ಬರುವವರಿಗೂ ದಾರಿ ಇದೆ, ಅದು ಬಂದಿದ್ದು 2021ರಲ್ಲಿ. ಆ ಕಡೆ ಸಾಮಾನ್ಯವಾಗಿ ಆಂಡ್ರಾಯ್ಡ್ 12 ಅಥವಾ ಅದರ ಮೇಲಿನದು ಬೇಕು, ಎರಡೂ ಫೋನನ್ನು ಕೇಬಲ್‌ನಿಂದ ಜೋಡಿಸಬೇಕು.

ಈಗ ನಿಮ್ಮ ಅಪ್ಪನ ವಾಯ್ಸ್ ಮೆಸೇಜ್ ವಿಷಯ. ಸಂಜೆಗಾಳಿ ಅವರೇ, ನೀವು ಐಫೋನ್‌ಗೆ ಹೋಗಿ, ಆಂಡ್ರಾಯ್ಡ್‌ನಲ್ಲೇ ಇರಿ, ಇದನ್ನು ಇವತ್ತೇ ಮಾಡಿ. ಕಂಪ್ಯೂಟರ್‌ಗೆ ಫೋನ್ ಜೋಡಿಸಿ. 'ಆಂಡ್ರಾಯ್ಡ್' ಫೋಲ್ಡರ್ ಒಳಗೆ 'ಮೀಡಿಯಾ', ಅದರೊಳಗೆ ವಾಟ್ಸ್ಆ್ಯಪ್‌ನ ಫೋಲ್ಡರ್, ಒಳಗೆ ಹೋಗುತ್ತಾ ಹೋದರೆ 'ವಾಟ್ಸ್ಆ್ಯಪ್ ವಾಯ್ಸ್ ನೋಟ್ಸ್' ಸಿಗುತ್ತೆ. ಅದರಲ್ಲಿ ವಾರಕ್ಕೊಂದು ಫೋಲ್ಡರ್. ಹೆಸರು ಬರೀ ಅಂಕಿ: ಮೊದಲ ನಾಲ್ಕು ವರ್ಷ, ಕೊನೆಯ ಎರಡು ಆ ವರ್ಷದ ಎಷ್ಟನೇ ವಾರ ಅನ್ನೋದು. 202136 ಅಂದರೆ 2021ರ 36ನೇ ವಾರ. ಒಳಗಿನ ಫೈಲ್‌ಗಳ ಹೆಸರು ಪಿಟಿಟಿ ಅಂತ ಶುರುವಾಗಿ ಆಮೇಲೆ ತಾರೀಖು ಇರುತ್ತೆ. ಯಾರ ಧ್ವನಿ ಅನ್ನೋದು ಮಾತ್ರ ಹೆಸರಿನಲ್ಲಿ ಇರಲ್ಲ. ಇಡೀ ಫೋಲ್ಡರನ್ನೇ ಕಂಪ್ಯೂಟರ್‌ಗೆ ಕಾಪಿ ಮಾಡಿ. ಓಪಸ್ ಅನ್ನುವ ಬಗೆಯ ಫೈಲ್‌ಗಳವು, ವಿಎಲ್‌ಸಿ ಪ್ಲೇಯರ್‌ನಲ್ಲಿ ಕೇಳಿಸುತ್ತವೆ.

ಆಮೇಲೆ ಅಪ್ಪನ ಚಾಟ್ ತೆರೆದು, ಮೇಲಿನ ಮೂರು ಚುಕ್ಕಿ ಒತ್ತಿ, 'ಎಕ್ಸ್‌ಪೋರ್ಟ್ ಚಾಟ್' ಕೊಡಿ. ಮೀಡಿಯಾ ಸೇರಿಸಿ ಅಂತ ಹೇಳಿ. ಆ ಚಾಟ್‌ನ ಬರಹದ ಫೈಲಿನಲ್ಲಿ ಯಾವ ತಾರೀಖು ಎಷ್ಟು ಹೊತ್ತಿಗೆ ಯಾವ ವಾಯ್ಸ್ ಬಂತು ಅಂತ ಸಾಲು ಸಾಲಾಗಿ ಇರುತ್ತೆ. ಎರಡನ್ನೂ ಎದುರಿಗಿಟ್ಟುಕೊಂಡರೆ ಅವರವು ಯಾವುವು ಅಂತ ಗುರುತಿಸಬಹುದು. ತುಂಬಾ ಉದ್ದದ ಚಾಟ್ ಆದರೆ ಎಕ್ಸ್‌ಪೋರ್ಟ್‌ನಲ್ಲಿ ಎಲ್ಲ ಹಿಡಿಸಲ್ಲ, ಹೊಸದರಿಂದ ಹಿಂದಕ್ಕೆ ಒಂದು ಮಿತಿವರೆಗೆ ಮಾತ್ರ ಬರುತ್ತೆ. ಅದಕ್ಕೇ ಫೋಲ್ಡರ್ ಕಾಪಿ ಮೊದಲು, ಎಕ್ಸ್‌ಪೋರ್ಟ್ ಆಮೇಲೆ. ಇನ್ನೊಂದು ಕಾಪಿ ಪೆನ್‌ಡ್ರೈವ್‌ನಲ್ಲಿ ಇರಲಿ.

ಈ ಕೆಲಸ ಆಂಡ್ರಾಯ್ಡ್‌ನಲ್ಲಿ ಇದ್ದಾಗಲೇ ಆಗಬೇಕು. ಐಫೋನ್‌ನಲ್ಲಿ ಆ ಫೋಲ್ಡರ್ ಹೀಗೆ ಕೈಗೆ ಸಿಗುವುದಿಲ್ಲ.


ಸಂಜೆಗಾಳಿ:

ನೂಲೇಣಿ ಅವರೇ, ಏನು ಹೇಳಲಿ. ರಾತ್ರಿಯೇ ಕೂತು ಫೋಲ್ಡರ್ ಪೂರ್ತಿ ಕಾಪಿ ಮಾಡಿದೆ. ಒಂದೆರಡು ತೆರೆದು ಕೇಳಿದೆ ಕೂಡ. ಈ ಒಂದು ಕೆಲಸ ಆಗಿದ್ದರಿಂದ ನನಗೆ ಅರ್ಧ ಭಾರ ಇಳಿಯಿತು. ಇನ್ನು ಯಾವ ಫೋನ್ ಆದರೂ ಪರವಾಗಿಲ್ಲ ಅನ್ನಿಸುತ್ತಿದೆ.

ಫೋಟೊ ಮತ್ತು ವಾಚಿನ ಬಗ್ಗೆ ಗೊತ್ತಿದ್ದವರು ಹೇಳಿ.


ಕಡಲಂಚು:

ಫೋಟೊ ಬಗ್ಗೆ ಚಿಂತೆ ಬೇಡ. ಗೂಗಲ್ ಫೋಟೋಸ್ ಐಫೋನ್‌ನಲ್ಲೂ ಇದೆ. ಆ್ಯಪ್ ಹಾಕಿ, ಖಾತೆ ಕೊಟ್ಟರೆ ಎಲ್ಲ ಅಲ್ಲೇ ಇರುತ್ತೆ, ಏನನ್ನೂ ಸಾಗಿಸಬೇಕಿಲ್ಲ. ಪುಕ್ಕಟೆ ಜಾಗ 15 ಜಿಬಿ, ಅದರಲ್ಲೇ ಜಿಮೇಲ್, ಡ್ರೈವ್ ಎಲ್ಲ ಸೇರಿದ್ದು. ನಿಮ್ಮ ಆಂಡ್ರಾಯ್ಡ್ ವಾಟ್ಸ್ಆ್ಯಪ್ ಬ್ಯಾಕಪ್ ಕೂಡ ಈಗ ಅದರಲ್ಲೇ ಲೆಕ್ಕ.

ಐಕ್ಲೌಡ್ ಫೋಟೊದಲ್ಲಿ ಇಟ್ಟವರಿಗೆ ಕಷ್ಟ ಜಾಸ್ತಿ, ಆಂಡ್ರಾಯ್ಡ್‌ಗೆ ಅದರ ಆ್ಯಪ್ ಇಲ್ಲ, ಬ್ರೌಸರ್‌ನಲ್ಲೇ ನೋಡಬೇಕು. ಐಕ್ಲೌಡ್‌ನಿಂದ ಗೂಗಲ್ ಫೋಟೋಸ್‌ಗೆ ಕಾಪಿ ಕಳಿಸುವ ಸೇವೆಯನ್ನು 2021ರಲ್ಲಿ ಆ್ಯಪಲ್ಲೇ ಶುರು ಮಾಡಿತು. ಕೋರಿಕೆ ಕೊಟ್ಟ ಮೇಲೆ ಕೆಲವು ದಿನ ಹಿಡಿಯುತ್ತೆ. ಅಲುಗಾಡುವ ಲೈವ್ ಫೋಟೊಗಳು ಹಾಗೇ ಬರುತ್ತವೆ ಅಂತ ಅಂದುಕೊಳ್ಳಬೇಡಿ. 2024ರಿಂದ ಗೂಗಲ್‌ನಿಂದ ಐಕ್ಲೌಡ್‌ಗೂ ಕಳಿಸಬಹುದು.


ಮಿಂಚುಳ:

ವಾಚ್ ಮಾತ್ರ ಖಂಡಿತ ಅಡ್ಡ ಬರುತ್ತೆ. ಈಚಿನ ಬಹಳಷ್ಟು ವೇರ್ ಓಎಸ್ ವಾಚುಗಳು ಐಫೋನ್ ಜೊತೆ ನಡೆಯಲ್ಲ. ಸ್ಯಾಮ್‌ಸಂಗ್‌ನದಾದರೆ 2021ರ ಗ್ಯಾಲಕ್ಸಿ ವಾಚ್ 4ರಿಂದಲೇ ಹಾಗೆ. ಆ್ಯಪಲ್ ವಾಚ್ ಕೂಡ ಐಫೋನ್ ಇಲ್ಲದೆ ಸೆಟಪ್ಪೇ ಆಗಲ್ಲ. ಅಂದರೆ ನೀವು ಐಫೋನ್ ತಗೊಂಡರೆ ವಾಚೂ ಹೊಸದು ಬೇಕು. ಗಾರ್ಮಿನ್ ಥರದವು ಎರಡೂ ಕಡೆ ನಡೆಯುತ್ತವೆ. ನಡೆದ ಹೆಜ್ಜೆ, ನಿದ್ದೆ, ಎದೆಬಡಿತ ಅಂತ ಹಳೆಯ ದಾಖಲೆ ಇಟ್ಟುಕೊಂಡು ನೋಡುವವರಾದರೆ ಅದು ಸುಲಭವಾಗಿ ಜೊತೆಗೆ ಬರುವುದಿಲ್ಲ.

ಇಯರ್‌ಬಡ್ಸ್‌ಗೆ ಇಷ್ಟು ತೊಂದರೆ ಇಲ್ಲ. ಏರ್‌ಪಾಡ್ಸ್ ಆಂಡ್ರಾಯ್ಡ್‌ನಲ್ಲೂ ಬ್ಲೂಟೂತ್ ಇಯರ್‌ಫೋನ್ ಆಗಿ ಹಾಡು ಕೇಳಿಸುತ್ತೆ, ಕೆಲವು ಅನುಕೂಲ ಮಾತ್ರ ಕಾಣೆ. ಚಾರ್ಜರ್ ಕಿರಿಕಿರಿ ಕೂಡ ಈಗಿಲ್ಲ, 2023ರ ಐಫೋನ್ 15ರಿಂದ ಅಲ್ಲೂ ಯುಎಸ್‌ಬಿ-ಸಿ.


ತಂತಿಹಕ್ಕಿ:

ಒಂದು ವಿಷಯ ಯಾರೂ ಎತ್ತಲಿಲ್ಲ. ಮನೆಯವರೆಲ್ಲ ಐಫೋನ್‌ನಲ್ಲಿ ಇದ್ದಾರೆ ಅನ್ನೋದು ಸಣ್ಣ ಮಾತಲ್ಲ. ಫೋನ್ ಏನಾದರೂ ಕೈಕೊಟ್ಟಾಗ ಪಕ್ಕದಲ್ಲಿ ಕೂತು ಸರಿ ಮಾಡಿಕೊಡೋರು ಯಾರು? ಮಗಳು. ಅವಳಿಗೆ ಗೊತ್ತಿರುವುದು ಐಫೋನ್. ಏರ್‌ಡ್ರಾಪ್‌ನಲ್ಲಿ ಫೋಟೊ ಕಳಿಸೋದು, ಯಾರೆಲ್ಲಿದ್ದಾರೆ ಅಂತ ನೋಡೋದು, ಫೇಸ್‌ಟೈಮ್‌ನಲ್ಲಿ ವಿಡಿಯೊ ಕರೆ, ಎಲ್ಲರಿಗೂ ಒಂದೇ ಚಂದಾ. ಒಂದೊಂದೂ ಸಣ್ಣದೇ, ಆದರೆ ದಿನಾ ಬಳಸುವಂಥದ್ದು. ನಮ್ಮ ಮನೆಯಲ್ಲಿ ನಾನು ಉಳಿದುಕೊಂಡಿರುವುದೇ ಇದಕ್ಕೆ.


ಹಳೇಬೇರು:

ಮನೆಯವರ ಸಹಾಯ ಮುಖ್ಯ ಅನ್ನುವುದನ್ನು ಒಪ್ಪುತ್ತೇನೆ. ಹೊಸದಾಗಿ ಸ್ಮಾರ್ಟ್‌ಫೋನ್ ಹಿಡಿಯುವ ಹಿರಿಯರಿಗೆ ನಾನು ಹೇಳುವುದೂ ಇದನ್ನೇ: ಮನೆಯಲ್ಲಿ ಹೇಳಿಕೊಡುವವರ ಹತ್ತಿರ ಯಾವುದಿದೆಯೋ ಅದನ್ನೇ ತಗೊಳ್ಳಿ. ಆದರೆ ಸಂಜೆಗಾಳಿ ಅವರು ಹೊಸಬರಲ್ಲ. ತಮ್ಮ ಫೋನನ್ನು ತಾವೇ ನಡೆಸಿಕೊಂಡು ಬಂದವರು. ಫೋಲ್ಡರ್ ಹುಡುಕಿ ಕಾಪಿ ಮಾಡಿದ್ದು ಅವರೇ ತಾನೆ?

ಉಳಿದವಕ್ಕೂ ಎರಡೂ ಕಡೆ ನಡೆಯುವ ದಾರಿಗಳಿವೆ. ಮನೆಯ ಫೋಟೊಗಳಿಗೆ ಗೂಗಲ್ ಫೋಟೋಸ್‌ನಲ್ಲಿ ಹಂಚಿಕೊಂಡ ಆಲ್ಬಂ ಮಾಡಿದರೆ ಐಫೋನ್‌ನವರೂ ಹಾಕಬಹುದು, ನೋಡಬಹುದು. ಯಾರೆಲ್ಲಿದ್ದಾರೆ ಅನ್ನೋದಕ್ಕೆ ಗೂಗಲ್ ಮ್ಯಾಪ್ಸ್. ಫೇಸ್‌ಟೈಮ್ ಕರೆಗೆ 2021ರಿಂದ ಲಿಂಕ್ ಕಳಿಸಬಹುದು, ಆಂಡ್ರಾಯ್ಡ್‌ನವರು ಬ್ರೌಸರ್‌ನಲ್ಲೇ ಸೇರಬಹುದು. ಐಫೋನ್‌ನ ತಂತ್ರಾಂಶ ಐಓಎಸ್ 18, 2024ರಲ್ಲಿ ಬಂದಾಗಿನಿಂದ ಐಫೋನ್‌ಗೂ ಆರ್‌ಸಿಎಸ್ (ಎಸ್‌ಎಂಎಸ್‌ನ ಹೊಸ ರೂಪ) ಮೆಸೇಜ್ ಬಂದಿದೆ. ಮೊಬೈಲ್ ಸೇವೆ ಕೊಡುವವರು ಅದನ್ನು ಕೊಟ್ಟಿದ್ದರೆ ಎರಡೂ ಕಡೆಯವರ ನಡುವೆ ದೊಡ್ಡ ಫೋಟೊ ಮಸುಕಾಗದೆ ಹೋಗುತ್ತೆ. ಏರ್‌ಡ್ರಾಪ್ ಒಂದೇ ಉಳಿದಿತ್ತು. 2025ರ ನವೆಂಬರ್‌ನಲ್ಲಿ ಗೂಗಲ್ ತನ್ನ ಪಿಕ್ಸೆಲ್ 10 ಫೋನುಗಳಲ್ಲಿರುವ, ಹತ್ತಿರದ ಫೋನಿಗೆ ಫೈಲ್ ಕಳಿಸುವ ಕ್ವಿಕ್ ಶೇರ್ ಅದರ ಜೊತೆಗೂ ಕೆಲಸ ಮಾಡುವಂತೆ ಮಾಡಿತು. ಐಫೋನ್ ಕಡೆ ಹತ್ತು ನಿಮಿಷ 'ಎಲ್ಲರಿಗೂ' ಅಂತ ತೆರೆದಿಡಬೇಕು, ಅಷ್ಟೇ.

ಮಗಳಿಗಾಗಿ ಅಮ್ಮ ಫೋನ್ ಬದಲಾಯಿಸುವ ಬದಲು, ಮಗಳು ಒಂದು ಆ್ಯಪ್ ಹಾಕಿಕೊಂಡರೆ ಆಗುತ್ತೆ. ಇದು ನ್ಯಾಯದ ಮಾತು ಅಂತ ನನಗನ್ನಿಸುತ್ತೆ.


ಬೆರಳಂಚು:

ನಾನು ಕಣ್ಣು ಕಾಣದವನು, ಫೋನ್ ಬಳಸುವುದು ಪರದೆ ಓದುವ ತಂತ್ರಾಂಶದಿಂದ. ಎರಡೂ ಕಡೆ ಆ್ಯಪ್ ಅವೇ, ಹಾಗಾಗಿ ಫೋನೂ ಒಂದೇ ಅನ್ನುವ ಮಾತು ನನ್ನಂಥವರಿಗೆ ಹೊಂದುವುದಿಲ್ಲ. ಅದನ್ನು ಹೇಳಲೇಬೇಕು ಅನ್ನಿಸಿತು.

ಐಫೋನ್‌ಗೆ ಪರದೆ ಓದುವ ವಾಯ್ಸ್‌ಓವರ್ ಬಂದಿದ್ದು 2009ರಲ್ಲಿ, ಐಫೋನ್ 3ಜಿಎಸ್ ಜೊತೆ. ಆಂಡ್ರಾಯ್ಡ್‌ಗೆ ಟಾಕ್‌ಬ್ಯಾಕ್ ಬಂದಿದ್ದೂ ಅದೇ ವರ್ಷ. ಇವತ್ತು ಎರಡರಲ್ಲೂ ಎಲ್ಲ ಕೆಲಸ ಮಾಡಬಹುದು. ಪರದೆಯ ಮೇಲೆ ಬೆರಳಿಟ್ಟು ಬ್ರೈಲ್‌ನಲ್ಲೇ ಬರೆಯುವುದು ಐಫೋನ್‌ಗೆ 2014ರಲ್ಲಿ ಬಂತು, ಟಾಕ್‌ಬ್ಯಾಕ್‌ಗೆ 2020ರಲ್ಲಿ. ಆದರೆ ಸನ್ನೆಗಳು ಬೇರೆ ಬೇರೆ. ವಾಯ್ಸ್‌ಓವರ್‌ನಲ್ಲಿ ರೋಟರ್ ಅಂತ ಇದೆ, ಎರಡು ಬೆರಳನ್ನು ಪರದೆ ಮೇಲೆ ತಿರುಗಿಸಿದರೆ ಅಕ್ಷರ, ಪದ, ಸಾಲು, ತಲೆಬರಹ ಅಂತ ಆರಿಸಿಕೊಳ್ಳಬಹುದು. ಅದಕ್ಕೆ ಕೈ ಹೊಂದಿಕೊಂಡ ಮೇಲೆ ಓದುವ ವೇಗವೇ ಬೇರೆ. ಪ್ಲಾಟ್‌ಫಾರಂ ಬದಲಾಯಿಸಿದರೆ ಆ ವೇಗ ಹೋಗುತ್ತೆ, ಮತ್ತೆ ಕಟ್ಟಿಕೊಳ್ಳಬೇಕು. ಕೆಲಸಕ್ಕೆ ಹೋಗುವವರಿಗೆ ಅದು ದೊಡ್ಡ ನಷ್ಟ.

ಸುಮ್ನೆ ಅಕ್ಷರ ದೊಡ್ಡದು ಮಾಡಿಕೊಂಡು ಓದುವವರೂ, ಕಿವಿಗೆ ಹಿಯರಿಂಗ್ ಏಡ್ ಹಾಕುವವರೂ ಕೊಳ್ಳುವ ಮೊದಲು ಆ ಫೋನನ್ನು ತಮ್ಮ ಸೆಟ್ಟಿಂಗ್‌ನಲ್ಲಿ ಸ್ವಲ್ಪ ಹೊತ್ತು ಬಳಸಿ ನೋಡಬೇಕು. ನಿಮ್ಮ ಹಿಯರಿಂಗ್ ಏಡ್ ಯಾವ ಫೋನಿಗೆ ಜೋಡಿಯಾಗುತ್ತೆ ಅಂತ ಅದರ ಕಂಪನಿಯ ಪಟ್ಟಿಯಲ್ಲಿ ಇರುತ್ತೆ. ಅದನ್ನು ಮೊದಲು ನೋಡಿ, ಫೋನ್ ಆಮೇಲೆ.


ಮಿಂಚುಳ:

ಬೆರಳಂಚು ಅವರೇ, ಇದನ್ನು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ನಮ್ಮ ಅತ್ತೆಯವರ ಹಿಯರಿಂಗ್ ಏಡ್ ವಿಷಯ ನನಗೆ ತಲೆಗೇ ಬಂದಿರಲಿಲ್ಲ. ನಾಳೆಯೇ ನೋಡ್ತೀನಿ.


ಒಂಟಿಮರ:

ನಾನು ವಿಂಡೋಸ್ ಫೋನನ್ನು ಇಷ್ಟಪಟ್ಟು ಬಳಸಿದವನು. 2010ರಲ್ಲಿ ಬಂತು, ಅದರ ಕೊನೆಯ ಕೊಂಡಿ ವಿಂಡೋಸ್ 10 ಮೊಬೈಲ್‌ಗೆ 2020ರ ಜನವರಿಯಲ್ಲಿ ಬೆಂಬಲ ಮುಗಿಯಿತು. ಬ್ಲ್ಯಾಕ್‌ಬೆರಿಯ ಹಳೆಯ ಫೋನುಗಳ ಸೇವೆಯೂ 2022ರ ಜನವರಿ 4ಕ್ಕೆ ನಿಂತಿತು. ಅಲ್ಲಿದ್ದವರಿಗೆ ಇರೋಣವೋ ಹೋಗೋಣವೋ ಅಂತ ಯೋಚಿಸುವ ಆಯ್ಕೆಯೇ ಉಳಿಯಲಿಲ್ಲ, ಎಲ್ಲರೂ ಹೊರಡಲೇಬೇಕಾಯಿತು.

ಆಗ ನನ್ನ ಜೊತೆ ಬಂದಿದ್ದು ಏನು ಅಂದರೆ ಬೇರೆ ಕಡೆಯೂ ತೆರೆಯುವಂಥವು. ಖಾತೆಯಲ್ಲಿದ್ದ ನಂಬರ್‌ಗಳು, ಮೇಲ್, ಜೆಪೆಗ್ ಫೋಟೊಗಳು, ಒನ್‌ನೋಟ್‌ನಲ್ಲಿ ಬರೆದಿಟ್ಟಿದ್ದು. ಆ ಫೋನಿನಲ್ಲಷ್ಟೇ ಇದ್ದ ಒಂದು ಆ್ಯಪ್‌ನಲ್ಲಿ ಬರೆದ ಟಿಪ್ಪಣಿಗಳು ಅಲ್ಲೇ ಉಳಿದುಹೋದವು.

ಅವತ್ತಿನಿಂದ ಯಾವ ಆ್ಯಪ್ ಹಾಕುವಾಗಲೂ ನಾನು ಮೊದಲು ನೋಡುವುದು ಇದರಿಂದ ನನ್ನ ವಸ್ತು ಹೊರಗೆ ತೆಗೆಯಬಹುದಾ ಅಂತ. ಆಂಡ್ರಾಯ್ಡೂ ಐಫೋನೂ ನಾಳೆಯೇ ನಿಂತುಹೋಗುತ್ತವೆ ಅಂತ ನಾನು ಹೇಳುತ್ತಿಲ್ಲ. ಎಲ್ಲಿಗೆ ಬೇಕಾದರೂ ಹೋಗಬಹುದು ಅನ್ನುವ ಸ್ಥಿತಿಯಲ್ಲಿ ಇದ್ದರೆ ಇಲ್ಲೇ ಇರುವುದೂ ನಿಮ್ಮ ಇಷ್ಟದಿಂದಲೇ ಆಗುತ್ತೆ.


ನೂಲೇಣಿ:

ಇನ್ನೂ ತೀರ್ಮಾನ ಆಗದಿದ್ದರೆ ಒಂದು ಉಪಾಯ. ಮಗಳ ಹತ್ತಿರವೋ ಮನೆಯವರ ಹತ್ತಿರವೋ ಹಳೆಯ ಐಫೋನ್ ಬಿದ್ದಿದ್ದರೆ ಅದನ್ನು ತಗೊಂಡು ಸ್ವಲ್ಪ ದಿನ ಬಳಸಿ ನೋಡಿ. ಸಿಮ್ ಹಾಕಬೇಕಿಲ್ಲ, ವೈಫೈ ಸಾಕು. 2023ರಿಂದ ವಾಟ್ಸ್ಆ್ಯಪ್‌ನಲ್ಲಿ ಒಂದೇ ಖಾತೆಯನ್ನು ಇನ್ನೊಂದು ಫೋನಿಗೂ ಜೋಡಿಸಬಹುದು, ನಿಮ್ಮ ಆಂಡ್ರಾಯ್ಡ್‌ನಲ್ಲಿ ಲಾಗೌಟ್ ಆಗುವುದಿಲ್ಲ. ನಂಬರ್ ಕೇಳುವ ಪರದೆಯಲ್ಲಿ ನಂಬರ್ ಹಾಕಬೇಡಿ, ಮೆನುವಿನಲ್ಲಿ ಜೋಡಿಸುವ ಆಯ್ಕೆ ಇದೆ, ಅದನ್ನು ಒತ್ತಿ, ಐಫೋನ್‌ನಲ್ಲಿ ಬರುವ ಕ್ಯೂಆರ್ ಕೋಡನ್ನು ನಿಮ್ಮ ಆಂಡ್ರಾಯ್ಡ್‌ನ ವಾಟ್ಸ್ಆ್ಯಪ್‌ನಿಂದ ಸ್ಕ್ಯಾನ್ ಮಾಡಿ. ಅಂಗಡಿಯಲ್ಲಿ ಹಿಡಿದು ನೋಡಿದರೆ ಗೊತ್ತಾಗದ್ದು ಹೀಗೆ ಬಳಸಿದಾಗ ಗೊತ್ತಾಗುತ್ತೆ.


ಸಂಜೆಗಾಳಿ:

ನೂಲೇಣಿ ಅವರು ಹೇಳಿದ ಹಾಗೆ ಮನೆಯವರ ಹಳೆಯ ಐಫೋನ್ ಇಟ್ಟುಕೊಂಡು ನೋಡಿದೆ. ಚೆನ್ನಾಗಿದೆ. ಕ್ಯಾಮೆರಾ ವಿಡಿಯೊ ನಿಜಕ್ಕೂ ಇಷ್ಟವಾಯಿತು. ಹಿಂದಕ್ಕೆ ಹೋಗುವುದು ತಂತಿಹಕ್ಕಿ ಅವರು ಹೇಳಿದ ಹಾಗೇ ಕೈ ತಪ್ಪುತ್ತಿತ್ತು, ಆದರೆ ಅದು ಅಭ್ಯಾಸ ಆಗುತ್ತೆ.

ನಾನು ಆಂಡ್ರಾಯ್ಡ್‌ನಲ್ಲೇ ಇರುತ್ತೇನೆ. ಕೂತು ಯೋಚಿಸಿದಾಗ ನನಗೆ ಆಂಡ್ರಾಯ್ಡ್ ಮೇಲೆ ಯಾವ ದೂರೂ ಇಲ್ಲ ಅಂತ ಗೊತ್ತಾಯಿತು. ದೂರು ಇದ್ದಿದ್ದು ಅಪ್‌ಡೇಟ್ ನಿಂತಿದ್ದರ ಮೇಲೆ. ಅದಕ್ಕೆ 7 ವರ್ಷ ಅಪ್‌ಡೇಟ್ ಇರುವ, ಈ ವರ್ಷವೇ ಬಿಡುಗಡೆಯಾದ ಮಾಡೆಲ್ ತಗೊಳ್ತಿದ್ದೀನಿ. ವಾಚು ಚೆನ್ನಾಗಿರುವಾಗ ಅದನ್ನು ಮೂಲೆಗೆ ಹಾಕುವುದು ನನಗೆ ಸರಿ ಕಾಣಲಿಲ್ಲ. ಮಗಳು ಮೊದಲು ಮುಖ ಸಣ್ಣದು ಮಾಡಿದಳು. ಆಮೇಲೆ ಅವಳೇ ಮನೆಯ ಆಲ್ಬಂ ಅನ್ನು ಗೂಗಲ್ ಫೋಟೋಸ್‌ನಲ್ಲಿ ಮಾಡಿ ಎಲ್ಲರನ್ನೂ ಸೇರಿಸಿದಳು. ಅಪ್ಪನ ವಾಯ್ಸ್‌ಗಳನ್ನು ಬೇರೆ ಮಾಡುವ ಕೆಲಸವನ್ನೂ ಅವಳೇ ಹಿಡಿದುಕೊಂಡಿದ್ದಾಳೆ. ಪಾಸ್‌ವರ್ಡ್‌ಗಳನ್ನು ಎರಡೂ ಕಡೆ ನಡೆಯುವ ಮ್ಯಾನೇಜರ್‌ಗೆ ಹಾಕುತ್ತಿದ್ದೇನೆ.

ಹಳೆಯ ಫೋನನ್ನು ಏನು ಮಾಡಬೇಕು? ಕೊಟ್ಟರೆ ಸ್ವಲ್ಪ ಹಣ ವಾಪಸ್ ಸಿಗುತ್ತೆ ಅಂತ ಹೇಳಿದ್ದಾರೆ.


ತಂತಿಹಕ್ಕಿ:

ಬಳಸಿ ನೋಡಿ ತೀರ್ಮಾನ ಮಾಡಿದ್ದೀರಿ, ಒಳ್ಳೆಯದಾಯಿತು. ನಾನು ಇಲ್ಲೇ ಇರುತ್ತೇನೆ, ನೀವು ಅಲ್ಲಿರಿ. ವಿಡಿಯೊಗಾಗಿ ಯಾವಾಗಲಾದರೂ ಮನಸ್ಸು ಬದಲಾದರೆ ಹೇಳಿ.


ನೂಲೇಣಿ:

ಹೊಸ ಫೋನ್ ಬಂದ ದಿನವೇ ಹಳೆಯದನ್ನು ಕೊಡಬೇಡಿ. ಸ್ವಲ್ಪ ದಿನ ಎರಡನ್ನೂ ಇಟ್ಟುಕೊಳ್ಳಿ. ಆಂಡ್ರಾಯ್ಡ್‌ನಿಂದ ಆಂಡ್ರಾಯ್ಡ್‌ಗೆ ವಾಟ್ಸ್ಆ್ಯಪ್ ಸಾಗಿಸೋದು ಸುಲಭ. ಡ್ರೈವ್ ಬ್ಯಾಕಪ್‌ನಿಂದಲೂ ಆಗುತ್ತೆ, ಎರಡೂ ಫೋನ್ ಪಕ್ಕದಲ್ಲಿಟ್ಟು ಕ್ಯೂಆರ್ ಕೋಡ್‌ನಿಂದ ನೇರವಾಗಿಯೂ ಆಗುತ್ತೆ. ಚಾಟ್ ಬಂದ ಮೇಲೆ ತುಂಬಾ ಹಳೆಯ ಒಂದು ವಾಯ್ಸ್ ತೆರೆದು ಕೇಳಿ ನೋಡಿ.

ಲಾಗಿನ್ ಆಗುವಾಗ ಕೋಡ್ ಕೊಡುವ ಆಥೆಂಟಿಕೇಟರ್ ಆ್ಯಪ್ ಇದ್ದರೆ ಅದನ್ನು ಹೊಸದಕ್ಕೆ ಸಾಗಿಸಿ, ಒಂದು ಖಾತೆಗೆ ಲಾಗಿನ್ ಆಗಿ ನೋಡುವವರೆಗೂ ಹಳೆಯದನ್ನು ಅಳಿಸಬೇಡಿ. ಇ-ಸಿಮ್ (ಕಾರ್ಡ್ ಇಲ್ಲದೆ ಫೋನಿನೊಳಗೇ ಇರುವ ಸಿಮ್) ಇದ್ದರೆ ಸಿಮ್ ಕೊಟ್ಟ ಕಂಪನಿಯವರನ್ನು ಮೊದಲೇ ಕೇಳಿಕೊಳ್ಳಿ, ಒಬ್ಬೊಬ್ಬರದು ಒಂದೊಂದು ಕ್ರಮ. ಬ್ಯಾಂಕಿನ ಆ್ಯಪ್‌ಗಳಲ್ಲಿ ಮತ್ತೆ ನೋಂದಣಿ ಮಾಡಬೇಕಾಗುತ್ತೆ, ಅದಕ್ಕೆ ಸಿಮ್ ಹೊಸ ಫೋನಿನಲ್ಲಿರಲಿ. ವಾಚು ವೇರ್ ಓಎಸ್ 4 ಅಥವಾ ಅದರ ಮೇಲಿನದಾದರೆ ಪೂರ್ತಿ ಅಳಿಸದೆಯೇ ಹೊಸ ಫೋನಿಗೆ ಜೋಡಿಸಬಹುದು.

ಇಷ್ಟೆಲ್ಲ ಆದ ಮೇಲೆ ಹಳೆಯ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಮೊದಲು ಗೂಗಲ್ ಖಾತೆ ತೆಗೆಯಿರಿ, ಪರದೆಯ ಲಾಕ್ ತೆಗೆಯಿರಿ, ಆಮೇಲೆ ರೀಸೆಟ್ ಮಾಡಿ. ಖಾತೆ ತೆಗೆಯದೆ ಅಳಿಸಿದರೆ ತೆಗೆದುಕೊಂಡವರಿಗೆ ಫೋನ್ ನಿಮ್ಮ ಪಾಸ್‌ವರ್ಡ್ ಕೇಳುತ್ತಾ ಕೂರಬಹುದು, ಅವರು ಹಣ ಕೊಡಲ್ಲ. ಮೆಮೊರಿ ಕಾರ್ಡ್ ಇದ್ದರೆ ತೆಗೆದುಕೊಳ್ಳುವುದನ್ನು ಮರೆಯಬೇಡಿ.